ನೀರಿಗೆಂದು ಏಳದ ಮಗು

ಪ್ರಕಾಶನದ ಮಾಲೀಕನಾದ ನನ್ನ ಹಿರಿಯ ಮಗನಿಗೆ,

ನಾನು ನಿನ್ನ ತಾಯಿ, ಈ ಮನೆಯ ಹಿರಿಯಳು, ಮೂವತ್ತೊಂದು ವರ್ಷಗಳಿಂದ ನಮ್ಮ ಮಕ್ಕಳ ಪುಸ್ತಕಗಳ ಸಂಪಾದಕಿ. ಓದಿದ್ದು ಹೈಸ್ಕೂಲು ಮಾತ್ರ, ಆದರೂ ನನ್ನ ಪೆನ್ಸಿಲ್ಲಿಗೆ ಹೆದರದ ಲೇಖಕರಿರಲಿಲ್ಲ.

ನನ್ನ ಕ್ರಮ ನಿನಗೆ ಗೊತ್ತು. ಹಸ್ತಪ್ರತಿಯನ್ನು ಮಗುವಿಗೆ ಗಟ್ಟಿಯಾಗಿ ಓದುತ್ತೇನೆ. ಮಗು ನೀರು ಕುಡಿಯಲು ಎದ್ದರೆ ಆ ಪುಟವನ್ನು ಹೊಡೆದುಹಾಕುತ್ತೇನೆ. ಮೊದಲು ನೀನು ಎದ್ದು ಹೋಗುತ್ತಿದ್ದೆ, ಈಗ ನಿನ್ನ ಮಗಳು.

ಹಡಗಿನ ಕಥೆಗೆ ಅವಳು ಒಮ್ಮೆಯೂ ಏಳಲಿಲ್ಲ. ಒಂದು ಸಾಲನ್ನೂ ಮುಟ್ಟದೆ ಅಚ್ಚಿಗೆ ಕಳಿಸಿದೆ. ಶಾಲೆಯಲ್ಲಿ ಅದನ್ನು ಓದಿದಾಗ ಮಕ್ಕಳೆಲ್ಲ ಆಕಳಿಸಿದರೆಂದು ನೀನೇ ಹೇಳಿದೆ. ನಿನ್ನೆ ಅವಳನ್ನು ಕೂರಿಸಿಕೊಂಡು ಕೇಳಿದೆ.

"ಬೋರಾಗಿತ್ತು ಅಜ್ಜಿ."

"ಮತ್ತೆ ಯಾಕೆ ಏಳ್ಲಿಲ್ಲ, ಕಳ್ಳಿ?"

"ನೀನು ಸುಸ್ತಾಗಿದ್ದೆ. ಪಾಪ ಅನ್ನಿಸ್ತು."

ಈಚೆಗೆ ಎರಡು ಪುಟಕ್ಕೇ ನನಗೆ ಉಸಿರು ಸೋಲುತ್ತದೆ. ಅದು ಯಾರಿಗೂ ಕಾಣುತ್ತಿಲ್ಲ ಎಂದುಕೊಂಡಿದ್ದೆ. ನನ್ನನ್ನು ನೋಡಿ ಪಾಪ ಎಂದವರು ಈವರೆಗೆ ಯಾರೂ ಇರಲಿಲ್ಲ. ಅವಳನ್ನು ಗದರಬೇಡ. ಆದರೆ ಕೇಳುವ ಮಗುವೇ ಕನಿಕರಪಟ್ಟರೆ ಕಥೆ ಹೇಗಿದೆಯೆಂದು ನನಗೆ ತಿಳಿಯುವುದಾದರೂ ಹೇಗೆ?

ಕಿಟಕಿ ಪಕ್ಕದ ನನ್ನ ಮೇಜನ್ನು ಒರೆಸಿ ನಿನ್ನ ಹೆಂಡತಿಗೆ ಕೊಡು. ಕುರ್ಚಿಯ ಒಂದು ಕಾಲು ಅಲುಗಾಡುತ್ತದೆ, ಸರಿಮಾಡಿಸು. ನನಗೇ ಎದುರು ಮಾತಾಡುವವಳು ಲೇಖಕರಿಗೆ ಹೆದರುವವಳಲ್ಲ.

ನನ್ನನ್ನು ಒಪ್ಪಿಸಲು ಬರಬೇಡ. ಹೊಸ ಪುಸ್ತಕದ ಮೊದಲ ಪುಟದಲ್ಲಿ ಸಂಪಾದಕಿ ಎಂಬಲ್ಲಿ ನನ್ನ ಹೆಸರು ಹೊಡೆದು ನಿನ್ನ ಹೆಂಡತಿಯ ಹೆಸರು ಬರೆದಿದ್ದೇನೆ. ಬೆಳಿಗ್ಗೆಯೇ ಅದು ಅಚ್ಚಿಗೆ ಹೋಯಿತು.

ನಿನ್ನ ತಾಯಿ