ಹೂಂ ಎಂದದ್ದು ಯಾವುದಕ್ಕೆ

ಶಾಲಿವಾಹನ ಶಕೆ ಎರಡು ಸಾವಿರದ ನೂರ ಅರವತ್ತೆಂಟು, ವ್ಯಯನಾಮ ಸಂವತ್ಸರ, ಇನ್ನೂ ಮುಳುಗದ ಸೋಮವಾರ. ಚಂದ್ರನ ಮೇಲಿನ ಸೊಪ್ಪಿನ ಮನೆ.

ಫೋನಿನ ಮುಂದೆ ಕೂತು ಮೊದಲ ಬಾರಿಗೆ ಪಾಠ ಹೇಳಿದ, ಪಾಠ ಕೇಳಿದ ಹಿಂದಿನ ಕಾಲದ ಹಿರಿಯರಿಗೆ ನೀಲಗಂಗವ್ವನ ಶರಣು ಶರಣಾರ್ಥಿ. ನನ್ನ ಕೆಲವು ಶಬ್ದಗಳು ನಿಮಗೆ ವಿಚಿತ್ರ ಎನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಾನು ಮಲಪ್ರಭೆಯ ದಂಡೆಯ ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತವಳು. ಈ ಪತ್ರ ಹಿಂದಕ್ಕೆ ಹೇಗೆ ಬಂದು ನಿಮ್ಮನ್ನು ಮುಟ್ಟುತ್ತದೆ ಎಂದು ಮಾತ್ರ ಕೇಳಬೇಡಿ. ತಿಳಿದವರು ಎರಡು ಸಲ ಹೇಳಿದರು, ಎರಡು ಸಲವೂ ನನಗೆ ತಿಳಿಯಲಿಲ್ಲ.

ಸೊಪ್ಪು ಬೆಳೆಯುವ ಕೆಲಸಕ್ಕೆಂದು ಇಲ್ಲಿಗೆ ಬಂದೆ. ಗಾಜಿನ ಕೋಣೆಗಳಲ್ಲಿ ಮೆಂತ್ಯ, ರಾಜಗಿರಿ, ಹುಣಸಿಕ ಸೊಪ್ಪು ಬೆಳೆಯುತ್ತೇವೆ. ಇಲ್ಲಿ ಹಗಲೆಂದರೆ ನಿಮ್ಮ ಅರ್ಧ ತಿಂಗಳು. ಸೋಮವಾರ ಒಪ್ಪತ್ತು ಮಾಡುವವಳು ನಾನು. ಹೊತ್ತೇ ಮುಳುಗದ ಊರಿನಲ್ಲಿ ಅದನ್ನು ಯಾವಾಗ ಬಿಡಬೇಕೆಂದು ಮಠಕ್ಕೆ ಕೇಳಿಸಿದೆ, ಉತ್ತರ ಬಂದಿಲ್ಲ. ಶಿವನ ಜಡೆಯ ಮೇಲೆಯೇ ಕೂತಿದ್ದೇನೆ, ತಪ್ಪಾದರೆ ಅವನೇ ಕೊಡವಿಕೊಳ್ಳಲಿ ಎಂದು ಹಸಿವಾದಾಗ ಉಣ್ಣುತ್ತೇನೆ.

ನನ್ನ ಪಕ್ಕದ ಕೋಣೆಯಲ್ಲಿ ಅಂಬಿಕಾ ಇದ್ದಾಳೆ, ಚೊಚ್ಚಲ ಬಸುರಿ. ಇಲ್ಲಿ ಇದುವರೆಗೆ ಯಾರೂ ಹೆತ್ತಿಲ್ಲ. ಅವಳನ್ನು ಭೂಮಿಯ ನೆಲಕ್ಕೆ ಕಳಿಸುವಂತಿಲ್ಲ, ಪಯಣದ ಕುಲುಕನ್ನು ಬಸಿರು ತಾಳುವುದಿಲ್ಲವಂತೆ. ಆದ್ದರಿಂದ ನಾನು ಸೂಲಗಿತ್ತಿಯ ವಿದ್ಯೆಗೆ ಗೋಡೆಸಾಲೆ ಸೇರಿದೆ. ಗೋಡೆಸಾಲೆ ಎಂದರೆ ನೆಲದ ಮೇಲಿನ ಸಾಲೆ ನನ್ನ ಗೋಡೆಯ ಮೇಲೆ ಮೂಡುವುದು, ನಾನು ಅವರ ಗೋಡೆಯ ಮೇಲೆ ಮೂಡುವುದು. ಅಲ್ಲಿ ಒಂದು ಕೋಣೆ ತುಂಬ ಹೆಂಗಸರು, ಗೋಡೆಯ ಮೇಲೆ ನಾನೊಬ್ಬಳೇ. ಕಲಿಸುವವರು ತುಂಗವ್ವ ಅಕ್ಕೋರು. ನನ್ನ ಮಾತು ಅವರಿಗೆ ಮುಟ್ಟಲು ಅರ್ಧ ಉಸಿರು ಬೇಕು, ಅವರ ಮಾತು ನನಗೆ ಬರಲು ಮತ್ತರ್ಧ.

ನಮ್ಮ ಕಡೆ ಕಥೆಯಾಗಲಿ ಪಾಠವಾಗಲಿ, ಕೇಳುವವರು ಹೂಂ ಎನ್ನುತ್ತಿರಬೇಕು. ಹೂಂಗುಡದಿದ್ದರೆ ಅಕ್ಕೋರಿಗೆ ಗಂಟಲೇ ಏಳುವುದಿಲ್ಲ. “ಗ್ವಾಡಿ ಮ್ಯಾಲಿದ್ದೀ ಅಂತ ಗ್ವಾಡಿನ ಆಗಬ್ಯಾಡ” ಎಂದು ನನ್ನನ್ನು ಬೈಯುತ್ತಿದ್ದರು. ಹಾಗಾಗಿ ಮಾತುಮಾತಿಗೂ ಹೂಂ ಎನ್ನುತ್ತಿದ್ದೆ. ಒಂದು ದಿನ ಅವರು, ಕೂಸಿನ ಬೆನ್ನಿಗೆ ಬರುವ ಮಾಸು ತಾನಾಗಿ ಬೀಳುವ ತನಕ ಹೊಕ್ಕಳ ಹುರಿ ಜಗ್ಗಬಾರದು ಎಂದರು. ನಾನು ಹೂಂ ಎಂದೆ. ಅದು ನೆಲ ಮುಟ್ಟುವಷ್ಟರಲ್ಲಿ ಅವರು ಬೇರೆಯೇ ಒಂದು ಮಾತು ಕೇಳಿಬಿಟ್ಟಿದ್ದರು: ದೂರದವರಿಗಾಗಿ ನಿಲ್ಲುತ್ತ ಪಾಠ ಹಿಂದೆ ಬೀಳುತ್ತಿದೆ, ಅವರಿಗೆ ಇನ್ನು ಕಟ್ಟುಪಾಠ ಸಾಕೇ? ಕಟ್ಟುಪಾಠವೆಂದರೆ ಹಿಂದೆ ಎಂದೋ ಆಡಿ ಕಟ್ಟಿಟ್ಟ ಪಾಠ, ಅದು ಹೇಳುತ್ತದೆಯೇ ಹೊರತು ಕೇಳುವುದಿಲ್ಲ. ಎಲ್ಲರ ಸಮ್ಮತಿ ಎಣಿಸುವ ಒಪ್ಪಿಗೆಪೆಟ್ಟಿಗೆ ನನ್ನ ಹೂಂ ಅನ್ನೂ ಎಣಿಸಿತು. ಮರುದಿನ ನನ್ನ ಗೋಡೆಯ ಮೇಲೆ ಸಾಲೆಯೇ ಇರಲಿಲ್ಲ.

ನೆಲದ ಕೋಣೆಯಲ್ಲಿ ಕೂತು ನನ್ನ ಜೊತೆ ಕಲಿಯುತ್ತಿದ್ದ ಮಾಬೂಬಿಗೆ ಕರೆ ಹಚ್ಚಿ ಕೇಳಿದೆ. “ನೀಲಕ್ಕಾ, ನೀನ ಹೂಂ ಅಂದೆಲ್ಲವಾ, ನಾವೆಲ್ಲ ಕೇಳೇವಿ” ಎಂದಳು.

“ನಾ ಮಾಸಿಗೆ ಅಂದೆ.”

“ಮಾಸಿಗೆ ಯಾರರ ಹೂಂ ಅಂತಾರೇನ?”

ಪೆಟ್ಟಿಗೆಯವರು ನನ್ನ ಹೂಂ ಅನ್ನೇ ನನಗೆ ಕೇಳಿಸಿದರು. ದನಿ ನನ್ನದೇ. ನಿಜವಾಗಿಯೂ ಒಪ್ಪಿದೆನೇ ಎಂದು ನನಗೇ ಅನುಮಾನ ಬಂತು. ಅತ್ತ ಅಂಬಿಕಾಳ ಹೊಟ್ಟೆ ಕೆಳಗಿಳಿಯುತ್ತಿತ್ತು, ಇತ್ತ ಕಟ್ಟುಪಾಠಕ್ಕೆ ನನ್ನ ಪ್ರಶ್ನೆ ಕೇಳಿಸುತ್ತಿರಲಿಲ್ಲ.

ಮಾಬೂಬಿ ನಕ್ಕರೂ ಬಿಡುವವಳಲ್ಲ. ಅಕ್ಕೋರನ್ನು ಬೇರೆ ಕೋಣೆಯಲ್ಲಿ ಕೂಡಿಸಿ, ಗೋಡೆಯ ಮೇಲಿಂದ ಪಾಠ ಹೇಳಲು ಹಚ್ಚಿ, ನನಗಿರುವ ತಡವನ್ನೇ ಅವರ ಮಾತಿಗೂ ಹಚ್ಚಿಸಿದಳು. ಅಕ್ಕೋರು “ಇಲ್ಲೀಮಟ ತಿಳೀತ?” ಎಂದು ಕೇಳಿ, ಉತ್ತರ ಬಾರದ್ದಕ್ಕೆ ಸಿಟ್ಟಾಗಿ, “ನನಗ ಕಲಸಾಕ ಬರೂದಿಲ್ಲ ಅಂತೀರೇನ?” ಎಂದರು. ಆಗ ಮೊದಲ ಪ್ರಶ್ನೆಗೆ ಇಡೀ ಕೋಣೆ ಅಂದ ಹೂಂ ಬಂದು ಬಿತ್ತು! ಅಕ್ಕೋರು ನಗಲಿಲ್ಲವಂತೆ. ಹೊರಗೆ ಬಂದವರೇ ನನ್ನ ಗೋಡೆ ಬೆಳಗಿಸಿದರು. ಇನ್ನು ಹೂಂ ಪೆಟ್ಟಿಗೆಗೆ ಹೋಗಕೂಡದು, ದೂರದವಳ ಹೆಸರು ಹಿಡಿದು ಕೇಳಬೇಕು, ಅವಳ ಉತ್ತರ ಬರುವ ತನಕ ಯಾರೂ ತುಟಿ ಬಿಚ್ಚಬಾರದು ಎಂದು ಕಟ್ಟು ಮಾಡಿದರು.

“ನೀಲಗಂಗವ್ವ, ನಿಂದೇನ ಕೇಳೂದೈತಿ?” ಎಂದರು. ಆಮೇಲೆ ಸದ್ದೇ ಇಲ್ಲ. “ಹಲೋ, ಹಲೋ, ಹೋತಲ್ಲೋ ಶಿವನೇ ಲೈನು!” ಎಂದು ಕೂಗಿದೆ.

“ಎಲ್ಲೂ ಹೋಗಿಲ್ಲ” ಎಂದಳು ಮಾಬೂಬಿ. “ನಿನ್ನ ಸಲುವಾಗಿ ಬಾಯಿ ಮುಚ್ಚಿ ಕುಂತೇವಿ. ಲಗೂನ ಕೇಳ, ಉಸುರು ಕಟ್ಟಾಕತ್ತೈತಿ.”

ಅಷ್ಟು ಜನ ನನಗಾಗಿ ಸುಮ್ಮನಿದ್ದದ್ದು ನನಗೆ ಗುರುತೇ ಹತ್ತಿರಲಿಲ್ಲ.

ಕೇಳಿದೆ. ಅಕ್ಕೋರೇ, ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಹೊಟ್ಟೆಯನ್ನು ಒತ್ತಿ ತಿಕ್ಕಬೇಕು ಎನ್ನುತ್ತೀರಿ. ಇಲ್ಲಿ ಮೈಗೆ ನೆಲದಷ್ಟು ಭಾರವಿಲ್ಲ, ನಾನು ಒತ್ತಿದರೆ ನಾನೇ ಮೇಲಕ್ಕೆ ಏಳುತ್ತೇನೆ. ಏನು ಮಾಡಲಿ? ಅಕ್ಕೋರಿಗೂ ಗೊತ್ತಿರಲಿಲ್ಲ. “ಸೀರಿ ಬಿಚ್ಚಿ ನಿನ್ನ ನಡಾ ಮಂಚಕ್ಕ ಕಟ್ಟಿಕೊ, ಹಾರಿ ಹೋಗಾಕಿ” ಎಂದು ಮಾಬೂಬಿ ಚಾಷ್ಟಿ ಮಾಡಿದಳು. ಕೋಣೆಯೆಲ್ಲ ನಕ್ಕಿತು. ಅಕ್ಕೋರು ಮಾತ್ರ, “ತಡೀರಿ, ಖರೇನ ಐತಿ” ಎಂದರು. ಆ ಹೊತ್ತಿಗೇ ಗಂಟು ಹಾಕುವುದನ್ನು ಎಲ್ಲರೂ ಸೇರಿ ಕಲಿತೆವು. ಮಂಚಕ್ಕೆ ಸೀರೆ ಕಟ್ಟಿಟ್ಟಿದ್ದೇನೆ.

ಹಿರಿಯರೇ, ನನಗೆ ಇನ್ನೂ ಗೊಂದಲ ಬಿಟ್ಟಿಲ್ಲ. ಕೇಳುತ್ತಿದ್ದೇನೆ ಎನ್ನಲೂ ಹೂಂ, ಒಪ್ಪಿದೆ ಎನ್ನಲೂ ಹೂಂ. ಸುಮ್ಮನಿದ್ದರೆ ಒಪ್ಪಿಗೆಯೋ, ಸಿಟ್ಟೋ, ಲೈನು ಹೋದದ್ದೋ, ಅದೂ ತಿಳಿಯುವುದಿಲ್ಲ. ನಿಮ್ಮಲ್ಲಿ ಇವಕ್ಕೆ ಬೇರೆ ಬೇರೆ ಶಬ್ದಗಳಿದ್ದರೆ ದಯಮಾಡಿ ಸವೆಯಲು ಬಿಡಬೇಡಿ, ನಮ್ಮ ತನಕ ಮುಟ್ಟಿಸಿ. ಇರದಿದ್ದರೆ, ಗೋಡೆಯ ಮೇಲಿನವರನ್ನು ಹೆಸರು ಹಿಡಿದು ಕೇಳಿ, ಒಂದು ಉಸಿರು ತಡೆಯಿರಿ. ನಿಮಗಾಗಿ ತಡೆಯುತ್ತಿದ್ದೇವೆಂದು ಅವರಿಗೆ ಮೊದಲೇ ಹೇಳಿಬಿಡಿ, ನನ್ನಂತೆ ಗಾಬರಿಯಾದಾರು.

ಅಂಬಿಕಾ ಗೋಡೆ ತಟ್ಟುತ್ತಿದ್ದಾಳೆ. ಈ ತಟ್ಟುವುದು ಬೇರೆ ನಮೂನೆಯಿದೆ. ಅಕ್ಕೋರ ಗೋಡೆ ಬೆಳಗಿಸಿ ಹೋಗುತ್ತೇನೆ, ಶರಣು.