ನಿನಗೆಂದು ಬಿಟ್ಟ ಜಾಗ

ನನ್ನ ಬಡಾಯಿ ಗೆಳತಿ,

ನೀನು ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇವತ್ತು ನಿನ್ನ ಹೈಸ್ಕೂಲಿನ ಜೊತೆಯವರು ಬೀಳ್ಕೊಡುಗೆಯ ಫೋಟೋಗೆಂದು ನಾನು ಕೆಲಸ ಮಾಡುವ ಸ್ಟುಡಿಯೋಗೆ ಬಂದಿದ್ದರು. ಮುಂದೆ ಯಾರು ಏನಾಗುತ್ತಾರೋ ಹಾಗೇ ನಿಲ್ಲಬೇಕೆಂದು ಆಟ ಕಟ್ಟಿಕೊಂಡಿದ್ದರು. ಒಬ್ಬಳು ನಮ್ಮ ಕಪ್ಪು ಪರದೆ ಹೊದ್ದು ಜಡ್ಜ್ ಆದಳು. ಕುಳ್ಳನೊಬ್ಬ ಸ್ಟೂಲ್ ಹತ್ತಿ, "ನಾನು ಪೊಲೀಸು, ನಗಬೇಡ್ರೋ," ಎಂದ.

"ಮೊದ್ಲು ಸ್ಟೂಲಿಂದ ಇಳೀರಿ ಸಾಹೇಬ್ರೇ," ಎಂದಳು ಜಡ್ಜ್.

ನಡುಸಾಲಿನಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಬಿಟ್ಟಿದ್ದರು. ಒತ್ತಿ ನಿಲ್ಲಿ ಎಂದು ಸ್ಟುಡಿಯೋ ಯಜಮಾನರು ಹೇಳಿದರೂ ಯಾರೂ ಅಲುಗಾಡಲಿಲ್ಲ.

"ಅದು ಅವಳ ಜಾಗ ಸಾರ್. ಜ್ವರ ಬಂದು ಹೋಗ್ಬಿಟ್ಲು," ಎಂದ ಕುಳ್ಳ.

ಇದ್ದಿದ್ದರೆ ನೀನು ಏನಾಗುತ್ತಿದ್ದೆ ಎಂದು ಜಗಳ ಶುರುವಾಯಿತು. ಒಬ್ಬರು ಡಾಕ್ಟರ್ ಎಂದರು, ಇನ್ನೊಬ್ಬರು ಕಲೆಕ್ಟರ್ ಎಂದರು.

ನಾಲ್ಕನೇ ಕ್ಲಾಸಿನಲ್ಲಿ ನೀನು ನಮ್ಮ ಬೆಂಚನ್ನೇ ಬಸ್ಸು ಮಾಡಿ, "ನಾನು ಡ್ರೈವರ್, ನೀನು ಕಂಡಕ್ಟರ್. ಇಳಿದ್ರೆ ಇಬ್ರೂ ಒಟ್ಟಿಗೇ ಇಳಿಯೋದು ಕಣೇ," ಎಂದಿದ್ದೆ. ಮರುವರ್ಷ ನಾನು ಶಾಲೆ ಬಿಟ್ಟೆ. ನಾನು ನಿನಗೆ ಏನಾಗಬೇಕೆಂದು ಅವರಿಗೆ ಗೊತ್ತಿಲ್ಲ. ನನ್ನದೂ ಅವರದೇ ವಯಸ್ಸು, ಆದರೂ ಅಕ್ಕ ಎನ್ನುತ್ತಿದ್ದರು.

ಫೋಟೋ ತೆಗೆಯುವ ಮೊದಲು ಬೆಳಕು ನೋಡಲು ಯಜಮಾನರು ಯಾವಾಗಲೂ ನನ್ನನ್ನೇ ನಿಲ್ಲಿಸುತ್ತಾರೆ. ಇವತ್ತು ನಿನ್ನ ಜಾಗದಲ್ಲಿ ನಿಲ್ಲಿಸಿದರು. ಪಕ್ಕದವಳು ಯಾರದೋ ಮಾತಿಗೆ ನಗುತ್ತಾ ನನ್ನ ಹೆಗಲ ಮೇಲೆ ಕೈ ಹಾಕಿದಳು. ನಾನು ನೆಟ್ಟಗೆ ನಿಂತು ಕ್ಯಾಮೆರಾ ನೋಡಿದೆ.

"ಬೆಳಕು ಸರಿಯಾಗಿದೆ. ನೀನು ಈಚೆ ಬಾಮ್ಮ," ಎಂದರು ಯಜಮಾನರು.

ಬಂದೆ.