ಸಾಸವಡಕ್ಕೆ ಹೋಗದೆ ತುಂಬಿದ ಫಾರ್ಮುಗಳು

ಅಮೇಯಣ್ಣಾ,

ಕುಕ್ಕರಿನಲ್ಲಿ ಅನ್ನವಿದೆ. ಸಾರು ನೀನೇ ಬಿಸಿ ಮಾಡಿಕೋ.

ನನಗೆ ಜ್ವರ ಬಂದಾಗ "ನೀ ಮಲ್ಕೋ, ಸಾಸವಡಕ್ಕ ನಾ ಹೋಗಿ ಬರ್ತೀನಿ" ಅಂದಿದ್ದೆ. ಆಮೇಲೆ ಗೆಳೆಯರ ಜೊತೆ ಲೋಣಾವಳಾದಲ್ಲಿ ಕೂತು, ನನ್ನ ಎಂಎಸ್ಸಿ ಸರ್ವೆಯ ನಲವತ್ತು ಫಾರ್ಮುಗಳನ್ನೂ ನೀನೇ ತುಂಬಿದೆ. ಒಬ್ಬ ಹೆಂಗಸೂ "ಗೊತ್ತಿಲ್ಲ" ಅಂದಿರಲಿಲ್ಲ. ಅನುಮಾನ ಬಂದು ಫೋನ್ ಮಾಡಿದೆ. ಹೋದ ತಿಂಗಳು ದವಾಖಾನೆಗೆ ಹೋಗಿದ್ದಳೆಂದು ನೀನು ಬರೆದ ಇಂದೂಬಾಯಿ ತೀರಿಕೊಂಡು ವರ್ಷವಾಗಿದೆ. ಅವಳ ಸೊಸೆ ಫೋನಿನಲ್ಲೇ ಅತ್ತಳು.

ಕೇಳಿದರೆ ನೀನು ನಕ್ಕೆ. "ಬರೇ ಅಂಕಿ ಅಲ್ಲೇನ, ಯಾರು ನೋಡ್ತಾರ?" ಅಂದೆ. ನಾನು ಎರಡು ವರ್ಷ ಓದಿದ್ದು ಅದನ್ನು ನೋಡುವುದಕ್ಕೇ.

ಗೈಡಿಗೆ ಎಲ್ಲ ಹೇಳಿದ್ದೇನೆ. ಪದವಿ ಒಂದು ವರ್ಷ ಮುಂದೆ ಹೋಯಿತು. ಖಾಲಿ ಫಾರ್ಮು ಹಿಡಿದು ಸಾಸವಡಕ್ಕೆ ಹೊರಟಿದ್ದೇನೆ. ಮೊದಲು ಆ ಸೊಸೆಯ ಕ್ಷಮೆ ಕೇಳುತ್ತೇನೆ, ನಿನ್ನ ಪರವಾಗಿ ಅಲ್ಲ.

ಸುರಭಿ